ಸಾಂಕ್ರಾಮಿಕದ ಮೊದಲ ವಾರಗಳಲ್ಲಿ ಜನರ ಪ್ರತಿಕ್ರಿಯೆಯನ್ನು ದಾಖಲಿಸುವುದು, ಓದುವುದು ಹೇಗೆ

ದೇಶಕ್ಕೆ ಹೊಸ ರೋಗ ಕಾಲಿಟ್ಟ ಮೊದಲ ಆರೆಂಟು ವಾರಗಳಲ್ಲಿ ಸರ್ಕಾರ ಹೊರಡಿಸಿದ ಆದೇಶಗಳು ಕಡತದಲ್ಲಿ ಉಳಿಯುತ್ತವೆ. ಅವನ್ನು ಕೇಳಿದ ಜನ ಏನಂದರು, ಏನು ಮಾಡಿದರು ಎಂಬುದು ಉಳಿಯುವುದಿಲ್ಲ. ಆರು ತಿಂಗಳು ಬಿಟ್ಟು ಕೇಳಿದರೆ, ಮೊದಲ ವಾರ ಬಿಗಿ ಕ್ರಮವನ್ನು ಬೈದವರೇ 'ಇನ್ನೂ ಮೊದಲೇ ಮಾಡಬೇಕಿತ್ತು ಅಂತ ಆಗಲೇ ಹೇಳಿದ್ದೆ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆಮೇಲೆ ತಿಳಿದದ್ದು ಮೊದಲಿನ ನೆನಪಿನ ಜೊತೆ ಬೆರೆತುಹೋಗಿರುತ್ತದೆ. ಹಾಗಾಗಿ ಈ ಕೆಲಸವನ್ನು ಅಂದಂದೇ ಮಾಡಬೇಕು. ಆರೋಗ್ಯ ಇಲಾಖೆಯ ಮಾಹಿತಿ ವಿಭಾಗವಿರಲಿ, ಪತ್ರಕರ್ತರಿರಲಿ, ಸ್ವಯಂಸೇವಾ ಸಂಸ್ಥೆಯಿರಲಿ, ಮೂರು ಜನ, ಒಂದು ಎಕ್ಸೆಲ್ ಹಾಳೆ, ಎರಡು ಫೋನ್ ಇದ್ದರೆ ಶುರು ಮಾಡಬಹುದು.

ಮೊದಲು ಆದೇಶಗಳ ಹಾಳೆ

ಜನರ ಮಾತಿಗೆ ಕಿವಿಗೊಡುವ ಮೊದಲು ಅವರು ಯಾವುದಕ್ಕೆ ಪ್ರತಿಕ್ರಿಯಿಸುತ್ತಿದ್ದಾರೆ ಎಂಬುದು ನಿಮ್ಮ ಮುಂದಿರಬೇಕು. ಪ್ರತಿ ಆದೇಶಕ್ಕೂ ಒಂದು ಸಾಲು. ಅದರಲ್ಲಿ ಏಳು ಕಾಲಂ: ಸುದ್ದಿ ಸೋರಿದ ಸಮಯ, ಅಧಿಕೃತವಾಗಿ ಘೋಷಿಸಿದ ಸಮಯ, ಜಾರಿಯಾದ ಸಮಯ, ಹೇಳಿದವರು ಯಾರು, ಯಾವ ಭಾಷೆಗಳಲ್ಲಿ ಹೇಳಿದರು, ಯಾರಿಗೆ ವಿನಾಯಿತಿ, ಹಣ-ಆಹಾರದ ನೆರವು ಘೋಷಿಸಿದ್ದು ಯಾವಾಗ. ದಿನಾಂಕ ಮಾತ್ರ ಬರೆದರೆ ಸಾಲದು, ಗಂಟೆಯನ್ನೂ ಬರೆಯಿರಿ.

ಗಂಟೆ ಯಾಕೆ ಮುಖ್ಯ ಎಂಬುದಕ್ಕೆ 2020ರ ವಸಂತ ಒಂದೇ ಸಾಕು. ಇಟಲಿಯಲ್ಲಿ ಮಾರ್ಚ್ 7ರ ರಾತ್ರಿ ಉತ್ತರ ಭಾಗವನ್ನು ಮುಚ್ಚುವ ಕರಡು ಆದೇಶ ಸಹಿ ಬೀಳುವ ಮೊದಲೇ ಪತ್ರಿಕೆಗಳಿಗೆ ಸೋರಿತು. ಮಿಲಾನಿನ ರೈಲು ನಿಲ್ದಾಣದಲ್ಲಿ ಜನ ದಕ್ಷಿಣದ ರೈಲುಗಳಿಗೆ ಮುಗಿಬಿದ್ದರು. ಟರ್ಕಿಯಲ್ಲಿ ಏಪ್ರಿಲ್ 10ರ ರಾತ್ರಿ, ಇನ್ನು ಎರಡೇ ಗಂಟೆಯಲ್ಲಿ 31 ಪ್ರಾಂತ್ಯಗಳಲ್ಲಿ ವಾರಾಂತ್ಯದ ಕರ್ಫ್ಯೂ ಎಂದು ಪ್ರಕಟಿಸಿದರು. ಬ್ರೆಡ್ ಅಂಗಡಿಗಳ ಮುಂದೆ ಜನ ಜಮಾಯಿಸಿದರು. ಎರಡು ದಿನದ ನಂತರ ಒಳಾಡಳಿತ ಸಚಿವ ಸುಲೇಮಾನ್ ಸೋಯ್ಲು ರಾಜೀನಾಮೆ ಕೊಡಲು ಮುಂದಾದರು, ಅದು ಅಂಗೀಕಾರವಾಗಲಿಲ್ಲ. ಭಾರತದಲ್ಲಿ ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಣೆ, ಮಧ್ಯರಾತ್ರಿಯಿಂದ 21 ದಿನ ಲಾಕ್‌ಡೌನ್. ಪ್ರಯಾಣಿಕ ರೈಲುಗಳು ಅದಕ್ಕೂ ಮೊದಲೇ ನಿಂತಿದ್ದವು. 1.70 ಲಕ್ಷ ಕೋಟಿ ರೂಪಾಯಿಯ ನೆರವಿನ ಪ್ಯಾಕೇಜ್ ಪ್ರಕಟವಾದದ್ದು 26ರಂದು. ಆ ಎರಡು ದಿನಗಳ ಅಂತರವನ್ನು ಹಾಳೆಯಲ್ಲಿ ಕಂಡವರಿಗೆ ವಲಸೆ ಕಾರ್ಮಿಕರು ಹೆದ್ದಾರಿಯಲ್ಲಿ ನಡೆಯಲು ಶುರು ಮಾಡಿದ್ದು 'ನಿಯಮ ಉಲ್ಲಂಘನೆ'ಯಾಗಿ ಕಾಣುವುದಿಲ್ಲ. ಕೂಲಿ ನಿಂತಿತ್ತು, ಬಾಡಿಗೆ ನಿಂತಿರಲಿಲ್ಲ, ಊರಿಗೆ ಹೋಗಲು ಗಾಡಿ ಇರಲಿಲ್ಲ.

ನ್ಯೂಜಿಲೆಂಡಿನ ಸಾಲು ಬೇರೆ ಥರ ಇರುತ್ತದೆ. ಮಾರ್ಚ್ 21ಕ್ಕೆ ನಾಲ್ಕು ಹಂತಗಳ ಎಚ್ಚರಿಕೆ ವ್ಯವಸ್ಥೆಯನ್ನು ವಿವರಿಸಿದರು. 23ಕ್ಕೆ, ಇನ್ನು 48 ಗಂಟೆಯಲ್ಲಿ ನಾಲ್ಕನೇ ಹಂತ, ಅಂದರೆ ಪೂರ್ತಿ ಲಾಕ್‌ಡೌನ್ ಎಂದರು. 25ರ ರಾತ್ರಿ 11.59ಕ್ಕೆ ಅದು ಜಾರಿಯಾಯಿತು. ಹಂತಗಳ ಅರ್ಥ ಮೊದಲೇ ತಿಳಿದಿದ್ದ ಜನರ ಪ್ರತಿಕ್ರಿಯೆಯನ್ನು, ಎರಡು ಗಂಟೆ ಮೊದಲು ತಿಳಿದವರ ಪ್ರತಿಕ್ರಿಯೆಯ ಜೊತೆ ಹಾಗೇ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಸಹಾಯವಾಣಿಯೇ ಒಳ್ಳೆಯ ಮೂಲ

ಸಾಮಾಜಿಕ ಜಾಲತಾಣಕ್ಕೆ ಎಲ್ಲರೂ ಮೊದಲು ಓಡುತ್ತಾರೆ, ಯಾಕೆಂದರೆ ಅದು ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಸಹಾಯವಾಣಿಗೆ ಬರುವ ಕರೆಗಳಷ್ಟು ನೇರವಾದ ಮೂಲ ಬೇರೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕರೆ ಮಾಡುವವರು ಯಾರ ಮುಂದೆಯೂ ಪ್ರದರ್ಶನಕ್ಕೆ ನಿಂತಿಲ್ಲ. ಅವರಿಗೆ ಉತ್ತರ ಬೇಕಾಗಿದೆ, ಅಷ್ಟೇ.

ಪ್ರತಿ ಕರೆಗೂ ನಾಲ್ಕು ವಿವರ ಸಾಕು: ಸಮಯ, ಪ್ರದೇಶ, ಕರೆ ಮಾಡಿದವರ ಮಾತು ಅವರದೇ ಪದಗಳಲ್ಲಿ, ಕೊಟ್ಟ ಉತ್ತರ. ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಕರೆ ತೆಗೆದುಕೊಂಡವರು 'ಸಮಯ ಮಿತಿಗೆ ವಿರೋಧ' ಎಂದು ಚುಟುಕಾಗಿ ಬರೆದುಬಿಡುತ್ತಾರೆ. ಹೇಳಿದ ಮಾತು ಹೀಗಿತ್ತೆಂದು ಇಟ್ಟುಕೊಳ್ಳಿ: 'ಅಂಗಡಿ ಎರಡೇ ಗಂಟೆ ತೆಗೀತಾರಂತೆ. ಹಾಗಾದ್ರೆ ಎಲ್ಲಾರೂ ಒಂದೇ ಹೊತ್ತಿಗೆ ಹೋಗಿ ನಿಂತ್ಕೋಬೇಕಲ್ಲ, ಅದಕ್ಕೇನ್ ಮಾಡೋದು?' ಇದು ವಿರೋಧವಲ್ಲ. ಅಂಗಡಿ ತೆರೆಯುವ ಅವಧಿ ಕಡಿಮೆಯಾದಷ್ಟೂ ಗುಂಪು ದೊಡ್ಡದಾಗುತ್ತದೆ ಎಂಬ ಲೆಕ್ಕ, ಆದೇಶ ಬರೆದವರಿಗೆ ಹೊಳೆಯದ ಲೆಕ್ಕ. ಆ ಮಾತು ಇದ್ದಂತೆ ಮೇಲಕ್ಕೆ ಹೋದರೆ ಸಮಯ ಬದಲಾಗಬಹುದು. 'ವಿರೋಧ' ಎಂಬ ಪದ ಹೋದರೆ ಇನ್ನೊಬ್ಬ ಪೊಲೀಸ್ ಬರುತ್ತಾನೆ.

ವಾರಕ್ಕೊಮ್ಮೆ ಈ ಮಾತುಗಳನ್ನು ವಿಂಗಡಿಸಿ. ಆರು ಗುಂಪು ಸಾಕು: ರೋಗದ ಭಯ, ಸಂಪಾದನೆಯ ಚಿಂತೆ, ನಿಯಮ ಅರ್ಥವಾಗದ್ದು, ನಿಯಮ ಪಾಲಿಸಲಾಗದ್ದು, ಅನ್ಯಾಯದ ಸಿಟ್ಟು (ಅವರಿಗೊಂದು ನಮಗೊಂದು), ಯಾವುದೋ ಸಮುದಾಯದ ಮೇಲೆ ದೂರು. 'ಅರ್ಥವಾಗದ್ದು' ಮತ್ತು 'ಪಾಲಿಸಲಾಗದ್ದು' ಇವೆರಡನ್ನು ಎಂದೂ ಕೂಡಿಸಬೇಡಿ. ಮೊದಲನೆಯದಕ್ಕೆ ವಿವರಣೆ ಸಾಕು. ಎರಡನೆಯದಕ್ಕೆ ವಿವರಣೆ ಕೊಟ್ಟಷ್ಟೂ ಸಿಟ್ಟು ಏರುತ್ತದೆ: ಒಂದೇ ಕೋಣೆಯಲ್ಲಿ ಆರು ಜನ ಇರುವ ಮನೆಗೆ 'ಪ್ರತ್ಯೇಕ ಕೋಣೆಯಲ್ಲಿರಿ' ಎಂದು ಹತ್ತು ಸಲ ಹೇಳಿ ಏನು ಪ್ರಯೋಜನ?

ವಿಂಗಡಣೆಯನ್ನು ಒಬ್ಬರ ಕೈಗೇ ಬಿಡಬೇಡಿ. 50 ಮಾತುಗಳನ್ನು ಇಬ್ಬರು ಪರಸ್ಪರ ನೋಡದೆ ಗುಂಪಿಗೆ ಹಾಕಲಿ. 40ಕ್ಕಿಂತ ಕಡಿಮೆ ಹೊಂದಿಕೆಯಾದರೆ ಗುಂಪುಗಳ ವ್ಯಾಖ್ಯಾನವೇ ಸಡಿಲವಾಗಿದೆ ಎಂದರ್ಥ. ಕೂತು ತಿದ್ದಿ, ಬೇರೆ 50 ತೆಗೆದುಕೊಂಡು ಮತ್ತೆ ಮಾಡಿ.

ವದಂತಿಗೆ ಬೇರೆ ಹಾಳೆ

2020ರ ಫೆಬ್ರವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ 'ಇನ್ಫೋಡೆಮಿಕ್' ಎಂಬ ಪದ ಬಳಸಿ ಎಚ್ಚರಿಸಿತ್ತು. ನಿಜ-ಸುಳ್ಳು ಬೆರೆತ ಮಾಹಿತಿಯ ಪ್ರವಾಹದಲ್ಲಿ ಜನ ನಂಬಬಹುದಾದದ್ದನ್ನು ಹುಡುಕಲಾರದ ಸ್ಥಿತಿ ಅದು. ಪ್ರತಿ ವದಂತಿಗೂ ಎರಡು ಅಂಕ ಕೊಡಿ. ಎಷ್ಟು ಹರಡಿದೆ ಎಂಬುದಕ್ಕೆ 1ರಿಂದ 3, ನಂಬಿದರೆ ಎಷ್ಟು ಹಾನಿ ಎಂಬುದಕ್ಕೆ 1ರಿಂದ 3. ಹಾನಿ 3 ಇದ್ದರೆ, ಇನ್ನೂ ಅಷ್ಟಾಗಿ ಹರಡದಿದ್ದರೂ ಅಂದೇ ಉತ್ತರ ಹೋಗಬೇಕು. ಮದ್ಯ ಕುಡಿದರೆ ಕೊರೊನಾ ಬರುವುದಿಲ್ಲ ಎಂಬ ಮಾತು ನಂಬಿ ಇರಾನಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ನೂರಾರು ಜನ ಸತ್ತರು. ಹಾನಿ 1 ಇದ್ದು, ಹರಡುವಿಕೆಯೂ 1 ಇದ್ದರೆ ಸುಮ್ಮನಿರಿ. ಇಲ್ಲವಾದರೆ ಅದನ್ನು ಕೇಳದವರಿಗೂ ನೀವೇ ಮುಟ್ಟಿಸಿದಂತಾಗುತ್ತದೆ.

ಉತ್ತರ ಬರೆಯುವಾಗ ನಿಜವನ್ನು ಮೊದಲ ಸಾಲಿನಲ್ಲಿಡಿ. ಸುಳ್ಳನ್ನು ಒಮ್ಮೆ ಮಾತ್ರ, ಅದು ಸುಳ್ಳೆಂದು ಹೇಳಿಯೇ ಎತ್ತಿ. ಮತ್ತೆ ನಿಜದ ಮಾತಿನಿಂದ ಮುಗಿಸಿ. ಸುಳ್ಳಿನ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಎಳೆದು ಹಂಚುವ ರೂಢಿ ಬಿಡಿ. ಫಾರ್ವರ್ಡ್ ಆಗುತ್ತಾ ಹೋದಂತೆ ನೆನಪಿನಲ್ಲಿ ಉಳಿಯುವುದು ಚಿತ್ರವೇ.

ದೂರವಾಣಿ ಸಮೀಕ್ಷೆ

ಕರೆ ಮಾಡುವವರು, ಪೋಸ್ಟ್ ಹಾಕುವವರು ಎಲ್ಲರನ್ನೂ ಪ್ರತಿನಿಧಿಸುವುದಿಲ್ಲ. ಅದಕ್ಕೆ ಸಮೀಕ್ಷೆ ಬೇಕೇ ಬೇಕು. ಸಂಖ್ಯೆಗಳನ್ನು ನಿಜಕ್ಕೂ ಯಾದೃಚ್ಛಿಕವಾಗಿ ಆರಿಸಿದ್ದರೆ 100 ಜನರ ಉತ್ತರ ಸುಮಾರು 10 ಶೇಕಡಾಂಶ ಆಚೀಚೆ ಇರಬಹುದು, 400 ಜನರದ್ದು 5, 1000 ಜನರದ್ದು 3. ಚಿಕ್ಕ ತಂಡಕ್ಕೆ 400 ಸರಿಯಾದ ಗುರಿ. 1000ಕ್ಕೆ ಹೋಗುವ ಶ್ರಮವನ್ನು, ಅದೇ 400ರ ಸಮೀಕ್ಷೆಯನ್ನು ಎರಡು ವಾರ ಬಿಟ್ಟು ಮತ್ತೊಮ್ಮೆ ಮಾಡಲು ಬಳಸಿ. ಆರಂಭದ ದಿನಗಳಲ್ಲಿ ಒಂದು ಅಂಕಿಗಿಂತ ಅದು ಯಾವ ಕಡೆ ಸರಿಯುತ್ತಿದೆ ಎಂಬುದು ಮುಖ್ಯ.

ಫೋನ್ ಎತ್ತದ ಸಂಖ್ಯೆಯನ್ನು ತಕ್ಷಣ ಬಿಟ್ಟುಬಿಡಬೇಡಿ. ಬೆಳಿಗ್ಗೆ, ಸಂಜೆ, ರಜಾದಿನ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಮೂರು ಸಲ ಪ್ರಯತ್ನಿಸಿ. ಮೊದಲ ಕರೆಗೇ ಸಿಗುವವರಲ್ಲಿ ಮನೆಯಲ್ಲೇ ಇರುವವರು ಹೆಚ್ಚು. ಆಸ್ಪತ್ರೆ, ಸಾಗಾಣಿಕೆ, ಸ್ವಚ್ಛತೆಯ ಕೆಲಸದವರು ಸಿಗುವುದು ಮೂರನೇ ಸಲಕ್ಕೆ, ಮತ್ತು ಅವರ ಅನುಭವವೇ ಬೇರೆ.

ಪ್ರಶ್ನೆ ಬರೆಯುವುದರಲ್ಲಿ ಅರ್ಧ ಕೆಲಸ ಇದೆ. 'ಸರ್ಕಾರ ಚೆನ್ನಾಗಿ ಕೆಲಸ ಮಾಡುತ್ತಿದೆ, ನಿಯಮ ಪಾಲಿಸಬೇಕು ಎಂದು ಒಪ್ಪುತ್ತೀರಾ?' ಎಂಬುದು ಎರಡು ಪ್ರಶ್ನೆ. ಸರ್ಕಾರವನ್ನು ಒಪ್ಪದೆಯೂ ನಿಯಮ ಪಾಲಿಸುವವರು ಬಹಳ ಜನ ಇರುತ್ತಾರೆ, ಅವರು ಇಲ್ಲಿ ಮಾಯವಾಗುತ್ತಾರೆ. 'ನೀವು ನಿಯಮ ಪಾಲಿಸುತ್ತೀರಾ?' ಎಂದು ಕೇಳಿದರೆ 'ಹೌದು' ಎಂದೇ ಉತ್ತರ. ಬದಲಿಗೆ ಹೀಗೆ ಕೇಳಿ: 'ಕೆಲವರಿಗೆ ಅನಿವಾರ್ಯವಾಗಿ ಹೊರಗೆ ಹೋಗಬೇಕಾಗಿ ಬಂದಿದೆ. ಕಳೆದ ಏಳು ದಿನಗಳಲ್ಲಿ ನೀವು ಎಷ್ಟು ಸಲ ಹೊರಗೆ ಹೋಗಿದ್ದಿರಿ? ಯಾವುದಕ್ಕೆ?' ಆಗ ಒಪ್ಪಿಕೊಳ್ಳಲು ಮುಜುಗರ ಕಡಿಮೆ. ಸರ್ಕಾರದ ಬಗೆಗಿನ ಪ್ರಶ್ನೆಯನ್ನೂ ಒಡೆಯಿರಿ: ಪರೀಕ್ಷೆ, ಆಸ್ಪತ್ರೆ, ಮಾಹಿತಿ, ಹಣದ ನೆರವು ಒಂದೊಂದಕ್ಕೂ ಬೇರೆ. 'ಗೊತ್ತಿಲ್ಲ' ಎಂಬ ಆಯ್ಕೆ ಇರಲೇಬೇಕು. ಎರಡನೇ ಸುತ್ತಿನಲ್ಲಿ ಪ್ರಶ್ನೆಯ ಒಂದು ಪದವನ್ನೂ ಬದಲಿಸಬೇಡಿ.

ಲೆಕ್ಕ ಹಾಕುವಾಗ ಮಾದರಿಯ ಓರೆಯನ್ನು ಸರಿಪಡಿಸಿಕೊಳ್ಳಿ. 400 ಜನರಲ್ಲಿ 280 ಗಂಡಸರು, 120 ಹೆಂಗಸರು ಸಿಕ್ಕರು ಎಂದುಕೊಳ್ಳಿ. ಗಂಡಸರಲ್ಲಿ ಶೇ. 60 (168 ಜನ), ಹೆಂಗಸರಲ್ಲಿ ಶೇ. 40 (48 ಜನ) ಕ್ರಮವನ್ನು ಒಪ್ಪಿದ್ದಾರೆ. ಹಾಗೇ ಕೂಡಿಸಿದರೆ 216, ಅಂದರೆ ಶೇ. 54. ಜನಸಂಖ್ಯೆಯಲ್ಲಿ ಇಬ್ಬರೂ ಅರ್ಧರ್ಧ ಇದ್ದರೆ ಪ್ರತಿ ಗಂಡಸಿನ ಉತ್ತರಕ್ಕೆ 0.71 (200 ÷ 280), ಪ್ರತಿ ಹೆಂಗಸಿನ ಉತ್ತರಕ್ಕೆ 1.67 (200 ÷ 120) ತೂಕ ಕೊಡಬೇಕು. ಆಗ ಸಿಗುವುದು ಶೇ. 50. 'ಬಹುಮತ ಒಪ್ಪಿದೆ' ಎಂಬ ಶೀರ್ಷಿಕೆ ಅಲ್ಲಿಗೆ ಬಿತ್ತು. ವಯಸ್ಸು, ನಗರ-ಗ್ರಾಮಕ್ಕೂ ಇದನ್ನೇ ಮಾಡಿ. ಫೋನೇ ಇಲ್ಲದವರನ್ನು ಮಾತ್ರ ಯಾವ ತೂಕವೂ ಒಳಗೆ ತರುವುದಿಲ್ಲ. ಅವರಿಗಾಗಿ ಸ್ಥಳೀಯ ಆರೋಗ್ಯ ಕಾರ್ಯಕರ್ತರಿಂದ ಬೇರೆ ವರದಿ ತರಿಸಿಕೊಳ್ಳಿ, ಅದನ್ನು ಈ ಶೇಕಡಾಕ್ಕೆ ಬೆರೆಸಬೇಡಿ.

ಸಮೀಕ್ಷೆಯ ನಡುವೆ ದೊಡ್ಡ ಸುದ್ದಿ ಬಂದರೆ ಅದರ ಹಿಂದಿನ, ನಂತರದ ಉತ್ತರಗಳನ್ನು ಬೇರೆಯಾಗಿಡಿ. ಬ್ರಿಟಿಷ್ ಪ್ರಧಾನಿಯ ಸಲಹೆಗಾರ ಡಾಮಿನಿಕ್ ಕಮಿಂಗ್ಸ್ ಲಾಕ್‌ಡೌನ್ ನಡುವೆ ಲಂಡನ್ನಿನಿಂದ ಡರ್ಹಮ್‌ಗೆ ಹೋಗಿದ್ದು ಬಯಲಾದದ್ದು 2020ರ ಮೇ 22ಕ್ಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಗಲೇ ನಡೆಸುತ್ತಿದ್ದ ನಿರಂತರ ಸಮೀಕ್ಷೆಯಲ್ಲಿ ಇಂಗ್ಲೆಂಡಿನ ಜನರಿಗೆ ಸರ್ಕಾರದ ಮೇಲಿದ್ದ ವಿಶ್ವಾಸ ಅಲ್ಲಿಂದಾಚೆ ಕುಸಿದದ್ದು ಕಂಡಿತು. ಸ್ಕಾಟ್ಲೆಂಡ್, ವೇಲ್ಸ್ ಜನರಿಗೆ ತಮ್ಮ ಸರ್ಕಾರಗಳ ಮೇಲಿದ್ದ ವಿಶ್ವಾಸ ಹಾಗೆ ಕುಸಿಯಲಿಲ್ಲ. ಹೋಲಿಸಲು ಪಕ್ಕದ ಪ್ರದೇಶ ಇದ್ದುದರಿಂದಲೇ ಇದು ಬರೀ ಲಾಕ್‌ಡೌನಿನ ದಣಿವಲ್ಲ ಎಂದು ಹೇಳಲು ಸಾಧ್ಯವಾಯಿತು. ನಿಮ್ಮ ಸಮೀಕ್ಷೆಗೂ ಅಂಥ ಪಕ್ಕದ ಪ್ರದೇಶವೊಂದನ್ನು ಮೊದಲೇ ಸೇರಿಸಿಕೊಳ್ಳಿ.

ಓದುವಾಗ ಆಗುವ ತಪ್ಪುಗಳು

ಗದ್ದಲವನ್ನು ಬಹುಮತ ಎಂದು ಓದುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ದಕ್ಷಿಣ ಕೊರಿಯಾದಲ್ಲಿ 2020ರ ಫೆಬ್ರವರಿಯಲ್ಲಿ ಅಧ್ಯಕ್ಷ ಮೂನ್ ಜೇ-ಇನ್ ಅವರನ್ನು ಮಹಾಭಿಯೋಗಕ್ಕೆ ಗುರಿಪಡಿಸಬೇಕೆಂಬ ಆನ್‌ಲೈನ್ ಅರ್ಜಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅವರ ಪರವಾದ ಅರ್ಜಿಗೂ ಹತ್ತು ಲಕ್ಷ ದಾಟಿತು. ಏಪ್ರಿಲ್ 15ರ ಚುನಾವಣೆಯಲ್ಲಿ ಆಡಳಿತ ಪಕ್ಷ ತನ್ನ ಸೋದರ ಪಕ್ಷದೊಂದಿಗೆ 300ರಲ್ಲಿ 180 ಸ್ಥಾನ ಗೆದ್ದಿತು. ಮೊದಲ ಅರ್ಜಿಯೊಂದನ್ನೇ ನೋಡಿ ವರದಿ ಬರೆದಿದ್ದರೆ ಅದು ಪೂರ್ತಿ ತಲೆಕೆಳಗಾಗಿರುತ್ತಿತ್ತು.

ಆರಂಭದ ಬೆಂಬಲವನ್ನೂ ಹಾಗೇ ನಂಬಬೇಡಿ. ಆಪತ್ತಿನಲ್ಲಿ ಜನ ನಾಯಕರ ಹಿಂದೆ ನಿಲ್ಲುತ್ತಾರೆ. ಅದು ಒಂದೊಂದು ಕ್ರಮಕ್ಕೂ ಕೊಟ್ಟ ಒಪ್ಪಿಗೆಯಲ್ಲ, ದಿನ ಕಳೆದಂತೆ ಇಳಿಯುವುದು ಸಾಮಾನ್ಯ. ಚಪ್ಪಾಳೆಯೂ ಅಷ್ಟೇ: 2020ರ ಮಾರ್ಚ್ 26ರಿಂದ ಹತ್ತು ವಾರ ಬ್ರಿಟನ್ನಿನಲ್ಲಿ ಗುರುವಾರ ರಾತ್ರಿ 8ಕ್ಕೆ ಜನ ಚಪ್ಪಾಳೆ ತಟ್ಟಿದ್ದು ಆರೈಕೆ ಮಾಡುವವರಿಗೆ. ಅದನ್ನು ಸರ್ಕಾರದ ಖಾತೆಗೆ ಜಮಾ ಮಾಡಬಾರದು.

ಅಂಗಡಿ ಖಾಲಿಯಾದರೆ ತಕ್ಷಣ 'ಭೀತಿ' ಎಂದು ಬರೆಯುವುದು ಇನ್ನೊಂದು ಆತುರ. ಅಂಗಡಿಯ ಕಪಾಟು ತುಂಬುವುದು ಮಾಮೂಲಿ ದಿನದ ಮಾರಾಟಕ್ಕೆ ತಕ್ಕಂತೆ. ಪ್ರತಿ ಮನೆಯವರು ಒಂದು ವಾರದ್ದು ಮಾತ್ರ ಹೆಚ್ಚಿಗೆ ಕೊಂಡರೂ ಅದು ಒಂದೇ ದಿನದಲ್ಲಿ ಬರಿದಾಗುತ್ತದೆ, ಅಲ್ಲಿ ಯಾರೂ ಅವಿವೇಕ ಮಾಡಿಲ್ಲ. ಸಿಂಗಾಪುರದಲ್ಲಿ ಫೆಬ್ರವರಿ 7ಕ್ಕೆ ಎಚ್ಚರಿಕೆಯ ಮಟ್ಟವನ್ನು ಕಿತ್ತಳೆ ಬಣ್ಣಕ್ಕೆ ಏರಿಸಿದಾಗ ಅಕ್ಕಿ, ನೂಡಲ್ಸ್ ಅಂಗಡಿಗಳಿಂದ ಮಾಯವಾದವು. ಮರುದಿನ ಪ್ರಧಾನಿ ಲೀ ಸಿಯೆನ್ ಲೂಂಗ್ ಇಂಗ್ಲಿಷ್, ಚೀನೀ, ಮಲಯ ಭಾಷೆಗಳಲ್ಲಿ ಮಾತಾಡಿ, ರೋಗದ ಬಗ್ಗೆ ಇಲ್ಲಿಯವರೆಗೆ ತಿಳಿದದ್ದೇನು, ಮುಂದೆ ಏನು ಬದಲಾಗಬಹುದು ಎಂದು ವಿವರಿಸಿ, ದಾಸ್ತಾನು ಸಾಕಷ್ಟಿದೆ ಎಂದರು.

ಸಲಹೆ ಬದಲಾದಾಗ ಹಳೆಯ ಸಲಹೆ, ಹೊಸ ಸಲಹೆ, ಕೊಟ್ಟ ಕಾರಣ ಮೂರನ್ನೂ ಅಕ್ಕಪಕ್ಕ ಬರೆದಿಡಿ. ಜನಸಾಮಾನ್ಯರ ಮಾಸ್ಕ್ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಏಪ್ರಿಲ್ 3ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ಕ್ಕೆ ತಮ್ಮ ನಿಲುವು ಬದಲಿಸಿದವು. 'ಮೊದಲು ಬೇಡ ಅಂದ್ರಿ, ಈಗ ಹಾಕ್ಕೊಳ್ಳಿ ಅಂತೀರಿ' ಎಂದವರನ್ನು ಮಾಸ್ಕ್ ವಿರೋಧಿಗಳ ಗುಂಪಿಗೆ ಹಾಕಬೇಡಿ. ಅವರು ಕೇಳುತ್ತಿರುವುದು ಕಾರಣವನ್ನು.

ಮೇಲಕ್ಕೆ ಕಳಿಸುವುದು, ಕಾಪಾಡುವುದು

ಪ್ರತಿದಿನ ಒಂದೇ ಪುಟ. ಮೇಲೆ ಅತಿ ಹೆಚ್ಚು ಬಂದ ಮೂರು ಪ್ರಶ್ನೆಗಳು ಜನರದೇ ಮಾತಿನಲ್ಲಿ, ಆಮೇಲೆ ಪಾಲಿಸಲಾಗದ ನಿಯಮ ಯಾವುದು, ಯಾರಿಗೆ, ಯಾಕೆ, ಕೊನೆಗೆ ಹಾನಿಯ ಅಂಕ 3 ಇರುವ ವದಂತಿ. ಇದು ತೀರ್ಮಾನ ತೆಗೆದುಕೊಳ್ಳುವ ಒಬ್ಬ ನಿರ್ದಿಷ್ಟ ಅಧಿಕಾರಿಯ ಕೈಗೆ ನಿಗದಿತ ಹೊತ್ತಿಗೆ ಸೇರಬೇಕು. ಹತ್ತು ಜನರಿಗೆ ಒಟ್ಟಿಗೆ ಕಳಿಸಿದರೆ ಯಾರೂ ಓದುವುದಿಲ್ಲ. ವಾರಕ್ಕೊಮ್ಮೆ 'ನೀವು ಹೀಗೆ ಕೇಳಿದ್ದಿರಿ, ಇದನ್ನು ಬದಲಿಸಿದ್ದೇವೆ, ಇದನ್ನು ಈ ಕಾರಣಕ್ಕೆ ಬದಲಿಸಿಲ್ಲ' ಎಂದು ಜನರಿಗೂ ತಿಳಿಸಿ. ಹೇಳಿದ್ದು ಎಲ್ಲೋ ಮುಟ್ಟಿದೆ ಎಂದು ಗೊತ್ತಾದವರು ಮತ್ತೆ ಕರೆ ಮಾಡುತ್ತಾರೆ.

ಯಾವುದೋ ಸಮುದಾಯವನ್ನು ದೂರುವ ಮಾತುಗಳನ್ನು ದಾಖಲಿಸಿ, ಆದರೆ ದೈನಿಕ ಪುಟದಲ್ಲಿ ಇದ್ದಂತೆ ಉದ್ಧರಿಸಬೇಡಿ. ಎಷ್ಟು ಬಂದವು, ಯಾವ ಪ್ರದೇಶದಿಂದ ಎಂದಷ್ಟೇ ಬರೆದು, ಆ ಪ್ರದೇಶದ ರಕ್ಷಣೆಯ ಹೊಣೆ ಇರುವವರಿಗೆ ಅಂದೇ ತಿಳಿಸಿ.

ಫೋನ್ ಸಂಖ್ಯೆ ಮತ್ತು ಉತ್ತರ ಎಂದೂ ಒಂದೇ ಫೈಲಿನಲ್ಲಿ ಇರಬಾರದು. ಸಂಖ್ಯೆಗೆ ಒಂದು ಸಂಕೇತ ಕೊಟ್ಟು, ಸಂಕೇತದ ಪಟ್ಟಿಯನ್ನು ಪಾಸ್‌ವರ್ಡ್ ಹಾಕಿ ಬೇರೆ ಇಡಿ, ಕೊನೆಯ ಸುತ್ತು ಮುಗಿದ ದಿನ ಅಳಿಸಿ. ಹೊರಗೆ ಹೋಗಿದ್ದೆ ಎಂದು ಒಪ್ಪಿಕೊಂಡವರ ಸಂಖ್ಯೆ ಪೊಲೀಸರ ಕೈಗೆ ಸಿಕ್ಕಿತೆಂದು ಒಮ್ಮೆ ಸುದ್ದಿಯಾದರೆ ಮುಂದಿನ ಸುತ್ತಿನಲ್ಲಿ ನಿಮಗೆ ನಿಜ ಹೇಳುವವರು ಸಿಗುವುದಿಲ್ಲ. ಹೆಸರು, ಸಂಖ್ಯೆ ತೆಗೆದ ಮೂಲ ಮಾತುಗಳನ್ನು ಮಾತ್ರ ಅಳಿಸಬೇಡಿ, ತಿದ್ದಲೂಬೇಡಿ. ದಿನಾಂಕ, ಗಂಟೆಯ ಸಮೇತ ಎರಡು ಪ್ರತಿ ಮಾಡಿ, ಎರಡು ಬೇರೆ ಜಾಗದಲ್ಲಿಡಿ.