ಜವಾರಿ ಗಜ್ಜರಿ, ನವಲೂರ ಪೇರಲ: ಮಿಕ್ಸರ್‌ನಲ್ಲೇ ಮಾಡಿ ತಾಜಾ ಜ್ಯೂಸ್

ಸಂಕ್ರಾಂತಿ ಹತ್ತಿರ ಬಂತೆಂದರೆ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ಜವಾರಿ ಗಜ್ಜರಿ, ಅಂದರೆ ನಾಟಿ ಕ್ಯಾರೆಟ್, ರಾಶಿ ಬೀಳುತ್ತದೆ. ಮೈಗೆ ಮಣ್ಣು ಮೆತ್ತಿಕೊಂಡಿರುತ್ತದೆ, ತಪ್ಪಲು ಇನ್ನೂ ಹಸಿರಾಗಿರುತ್ತದೆ. "ಯಕ್ಕಾ, ಮುಂಜಾನೆ ಕಿತ್ತಿದ್ದ ಐತ್ರಿ, ಮುರದ ನೋಡ್ರಿ" ಅನ್ನುತ್ತಾರೆ ಮಾರುವವರು. ಮುರಿದೇ ನೋಡಬೇಕು. ಟಕ್ ಅಂತ ಸದ್ದಾದರೆ ತೊಗೊಳ್ಳಿ, ಬಳುಕಿದರೆ ಬಿಡಿ. ಬಾಡಿದ ಗಜ್ಜರಿಯನ್ನು ಎಷ್ಟು ಹಿಂಡಿದರೂ ರಸ ಇಳಿಯುವುದಿಲ್ಲ.

ಜ್ಯೂಸ್ ಅಂದ ಕೂಡಲೇ ಹಲವರು ಜ್ಯೂಸರ್ ಮಷಿನ್ ಕೊಳ್ಳಲು ಹೊರಡುತ್ತಾರೆ. ಅದರ ಅಗತ್ಯ ಇಲ್ಲ. ಚಟ್ನಿ ರುಬ್ಬುವ ಮಿಕ್ಸರ್, ಒಂದು ಬಿಳಿ ಹತ್ತಿ ಬಟ್ಟೆ, ಒಂದು ಸ್ಟೀಲ್ ಪಾತ್ರೆ ಇದ್ದರೆ ಸಾಕು. ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇಷ್ಟರಲ್ಲೇ ನಡೆದಿದೆ. ಮಸಾಲೆ ರುಬ್ಬುವ ಜಾರ್ ಮಾತ್ರ ಬೇಡ, ಎಷ್ಟು ತೊಳೆದರೂ ಬೆಳ್ಳುಳ್ಳಿ ವಾಸನೆ ಹೋಗುವುದಿಲ್ಲ. ಜ್ಯೂಸಿಗೆ ಬೇರೆ ಜಾರ್ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ನೀರಿನ ಮಾತು. ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಓಣಿಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಟಾಕಿ, ಕೊಡ ತುಂಬಿಟ್ಟುಕೊಳ್ಳುತ್ತೇವೆ. ಪಲ್ಯ, ಸಾರು ಕುದಿಯುತ್ತದೆ, ಆದರೆ ಜ್ಯೂಸ್ ಕುದಿಯುವುದಿಲ್ಲ ಅಲ್ವಾ? ಹಾಗಾಗಿ ಜ್ಯೂಸಿಗೆ ಹಾಕುವ ನೀರು ಕುದಿಸಿ ಆರಿಸಿದ್ದೇ ಆಗಬೇಕು. ಐಸ್ ಹಾಕುವುದಿದ್ದರೆ ಅದೂ ಅದೇ ನೀರಿನದು. ಕಾಯಿ, ಹಣ್ಣುಗಳನ್ನು ಹೆಚ್ಚುವ ಮೊದಲೇ ಹರಿಯುವ ನೀರಿನಲ್ಲಿ ಕೈಯಿಂದ ತಿಕ್ಕಿ ತೊಳೆಯಿರಿ. ಸಿಪ್ಪೆ ತೆಗೆಯುವ ಹಣ್ಣನ್ನೂ ತೊಳೆಯಬೇಕು, ಇಲ್ಲದಿದ್ದರೆ ಹೊರಗಿನ ಹೊಲಸು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಸೋಪು ಹಚ್ಚಬೇಡಿ.

ಈಗ ಗಜ್ಜರಿ ಜ್ಯೂಸ್. ಎರಡು ಸಣ್ಣ ಲೋಟಕ್ಕೆ ಕಾಲು ಕೆಜಿ ಗಜ್ಜರಿ, ಅರ್ಧ ಸಣ್ಣ ಬೀಟ್‌ರೂಟ್, ಅರ್ಧ ಇಂಚು ಹಸಿ ಶುಂಠಿ, ಅರ್ಧ ಲಿಂಬೆಹಣ್ಣು, ಮುಕ್ಕಾಲು ಲೋಟ ನೀರು. ಗಜ್ಜರಿಯನ್ನು ಬೆರಳ ತುದಿಯಷ್ಟು ಸಣ್ಣಗೆ ಹೆಚ್ಚಿ. ದೊಡ್ಡ ತುಂಡು ಹಾಕಿದರೆ ಬ್ಲೇಡಿನ ಕೆಳಗೆ ಸಿಕ್ಕಿಕೊಂಡು ಮೋಟಾರ್ ಒದ್ದಾಡುತ್ತದೆ. ಮೊದಲು ನೀರಿಲ್ಲದೆ ಎರಡು ಸಲ ತಿರುಗಿಸಿ. ತರಿತರಿ ಆದ ಮೇಲೆ ಅರ್ಧದಷ್ಟು ನೀರು ಹಾಕಿ ನುಣ್ಣಗೆ ಮಾಡಿ. ಒಂದೇ ಸಮನೆ ಓಡಿಸಬೇಡಿ, ನಿಲ್ಲಿಸಿ ನಿಲ್ಲಿಸಿ ಓಡಿಸಿ. ಜಾರ್ ಮುಟ್ಟಿದರೆ ಬೆಚ್ಚಗಾಗಿದೆ ಅನ್ನಿಸಿದರೆ ಅಲ್ಲಿಗೆ ಸಾಕು. ವಿಟಮಿನ್ ಸಿ ಬಿಸಿಗೂ ಗಾಳಿಗೂ ಹಾಳಾಗುವಂಥದ್ದು.

ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಪಾತ್ರೆಯ ಮೇಲೆ ಹಾಸಿ, ರುಬ್ಬಿದ್ದನ್ನು ಸುರಿಯಿರಿ. ಒಣ ಬಟ್ಟೆಯೇ ಮೊದಲ ರಸವನ್ನು ಕುಡಿದುಬಿಡುತ್ತದೆ, ಅದಕ್ಕೇ ಒದ್ದೆ ಮಾಡುವುದು. ನಾಲ್ಕೂ ಮೂಲೆ ಸೇರಿಸಿ ಗಂಟು ಹಿಡಿದು ತಿರುವುತ್ತಾ ಹೋಗಿ. ಮೊದಲು ದಾರದಂತೆ ಇಳಿಯುತ್ತದೆ, ಆಮೇಲೆ ಹನಿ ಹನಿ. ಹನಿ ನಿಂತಾಗ ಬಟ್ಟೆ ಬಿಚ್ಚಿ, ಹಿಪ್ಪೆಗೆ ಉಳಿದ ನೀರು ಬೆರೆಸಿ ಇನ್ನೊಮ್ಮೆ ಹಿಂಡಿ. ಈ ಎರಡನೇ ಹಿಂಡಿನಲ್ಲೂ ಚೆನ್ನಾಗಿ ಬಣ್ಣ ಇಳಿಯುತ್ತದೆ. ಕೊನೆಗೆ ಲಿಂಬೆರಸ. ಸಕ್ಕರೆ ಬೇಡವೇ ಬೇಡ, ಜವಾರಿ ಗಜ್ಜರಿಯಲ್ಲಿ ಅದರದೇ ಸಿಹಿ ಇರುತ್ತದೆ. ಗಜ್ಜರಿಯ ಕೇಸರಿ ಬಣ್ಣವೇ ನಮ್ಮ ಮೈಯಲ್ಲಿ ವಿಟಮಿನ್ ಎ ಆಗುವುದು. ಅದು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಖಾಲಿ ಹೊಟ್ಟೆಗಿಂತ ನಾಷ್ಟಾದ ಜೊತೆ ಕುಡಿಯುವುದು ಒಳ್ಳೆಯದು. ಬೀಟ್‌ರೂಟ್ ಕುಡಿದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಕೆಲವರಿಗೆ ಹಾಗಾಗುತ್ತದೆ.

ಪೇರಲದ ಲೆಕ್ಕ ಬೇರೆ. ನವಲೂರ ಪೇರಲ ಯಾರಿಗೆ ಗೊತ್ತಿಲ್ಲ! ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ವಿಟಮಿನ್ ಸಿ ಇರುವ ಹಣ್ಣು ನಮ್ಮ ಊರಿನ ಬಗಲಲ್ಲೇ ಬೆಳೆಯುತ್ತದೆ. ಜ್ಯೂಸಿಗೆ ಒತ್ತಿದರೆ ಬೆರಳು ತಗ್ಗು ಬೀಳುವಂಥ ಹಣ್ಣು ಬೇಕು. ಎರಡು ಹಣ್ಣು ಹೆಚ್ಚಿ, ಒಂದೂವರೆ ಲೋಟ ನೀರು ಹಾಕಿ, ಮಿಕ್ಸರ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ನಾಲ್ಕೈದು ಸಲ ಗುರ್ ಗುರ್ ಅನ್ನಿಸಿ, ಅಷ್ಟೇ. ಜಾಸ್ತಿ ರುಬ್ಬಿದರೆ ಬೀಜ ಒಡೆದು ಬಾಯಲ್ಲಿ ಮರಳು ಮರಳು. ಬಟ್ಟೆಯಲ್ಲಿ ಇದು ಇಳಿಯುವುದಿಲ್ಲ. ಜರಡಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಒತ್ತಿ, ಬೀಜ ಮೇಲೆ ಉಳಿದು ತಿರುಳು ಕೆಳಗೆ ಬರುತ್ತದೆ. ಚಿಟಿಕೆ ಉಪ್ಪು, ಚಿಟಿಕೆ ಬ್ಯಾಡಗಿ ಖಾರದ ಪುಡಿ. ಶಾಲೆ ಮುಂದೆ ಉಪ್ಪು-ಖಾರ ಹಚ್ಚಿಸಿಕೊಂಡು ತಿಂದ ಪೇರಲದ ರುಚಿಯೇ ಲೋಟದಲ್ಲಿ ಬರುತ್ತದೆ.

ನೆಲ್ಲಿಕಾಯಿಯದು ಸುಲಭ. ಎರಡು ಕಾಯಿಯ ಬೀಜ ತೆಗೆದು, ಒಂದು ಲೋಟ ನೀರಿನಲ್ಲಿ ರುಬ್ಬಿ ಸೋಸಿ. ನೆಲ್ಲಿ, ಲಿಂಬೆಯಂಥ ಹುಳಿ ರಸವನ್ನು ತಾಮ್ರದ ತಂಬಿಗೆಯಲ್ಲಾಗಲಿ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಾಗಲಿ ಇಡಬೇಡಿ. ಹುಳಿಗೆ ಲೋಹ ಬಿಡುತ್ತದೆ.

ಇನ್ನು ಸೋರೆಕಾಯಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾಲ್ಕು ವರ್ಷದ ಹಿಂದೆ ನಮ್ಮ ವೈನಿ ತೂಕ ಇಳಿಸಲೆಂದು ದಿನಾ ಸೋರೆಕಾಯಿ ಜ್ಯೂಸ್ ಶುರು ಮಾಡಿದ್ದರು. ಒಂದು ದಿನ ಅದು ಕಹಿ ಇತ್ತು. "ಔಷಧಿ ಅಂದಮ್ಯಾಲ ಕಹಿ ಇರೂದ" ಅಂದುಕೊಂಡು, ಪುದೀನ, ಲಿಂಬೆ ಹೆಚ್ಚಿಗೆ ಹಾಕಿ ಕುಡಿದರು. ಅರ್ಧ ತಾಸಿನಲ್ಲಿ ವಾಂತಿ, ಭೇದಿ. ಎರಡು ರಾತ್ರಿ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಬೇಕಾಯಿತು. ಸೋರೆ, ಸೌತೆಯ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಇರುತ್ತದೆ. ಕೆಲವು ಕಾಯಿಗಳಲ್ಲಿ ಅದು ವಿಪರೀತ ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಇದರಿಂದ ಜೀವ ಹೋದದ್ದೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನು ಪರಿಶೀಲಿಸಲು ತಜ್ಞರನ್ನು ನೇಮಿಸಿತ್ತು. 2012ರಲ್ಲಿ ಪ್ರಕಟವಾದ ಅವರ ವರದಿಯ ಸಲಹೆ ತೀರಾ ಸರಳ. ರುಬ್ಬುವ ಮೊದಲು ಒಂದು ಸಣ್ಣ ಚೂರು ಬಾಯಿಗೆ ಹಾಕಿಕೊಳ್ಳಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಸೋರೆ ರಸವನ್ನು ಬೇರೆ ರಸದ ಜೊತೆ ಬೆರೆಸಬೇಡಿ. ಕುಡಿದ ಮೇಲೆ ಹೊಟ್ಟೆ ತೊಳಸಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಸೌತೆಕಾಯಿಗೂ ಈ ಪರೀಕ್ಷೆ ಇರಲಿ. ಹಾಗಲಕಾಯಿಯ ಕಹಿ ಅದರ ಹುಟ್ಟುಗುಣ, ಸೋರೆಗೆ ಕಹಿ ಇರಲೇಬಾರದು.

ಎಷ್ಟು ಕುಡಿಯಬೇಕು? ದಿನಕ್ಕೊಂದು ಸಣ್ಣ ಲೋಟ, ಅದೂ ಮಾಡಿದ ತಕ್ಷಣ. ಒಂದು ಲೋಟ ಮೋಸಂಬಿ ರಸಕ್ಕೆ ಮೂರು ಹಣ್ಣು ಬೇಕು. ಕೂತಲ್ಲೇ ಮೂರು ಮೋಸಂಬಿ ಬಿಡಿಸಿ ತಿನ್ನುತ್ತೀರಾ? ತಿನ್ನುವುದಿಲ್ಲ, ಆದರೆ ಎರಡು ನಿಮಿಷದಲ್ಲಿ ಕುಡಿದುಬಿಡುತ್ತೀರಿ. ನಾರು ಬಟ್ಟೆಯಲ್ಲೇ ಉಳಿಯುತ್ತದೆ, ಸಿಹಿ ಮಾತ್ರ ಹೊಟ್ಟೆಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಹಣ್ಣನ್ನು ಹಣ್ಣಾಗಿಯೇ ಸ್ವಲ್ಪ ತಿನ್ನಲಿ. ಕಿಡ್ನಿ ಕಲ್ಲು ಆದವರಿಗೆ ಬೀಟ್‌ರೂಟ್, ಪಾಲಕ್ ರಸ ಬೇಡ, ಅವುಗಳಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಜಾಸ್ತಿ. ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರರನ್ನು ಕೇಳಿಯೇ ಕುಡಿಯಬೇಕು. ಎರಡು ವರ್ಷದೊಳಗಿನ ಕೂಸುಗಳಿಗೆ ಹಣ್ಣಿನ ಜ್ಯೂಸ್ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘವೇ 2019ರಲ್ಲಿ ಹೇಳಿದೆ.

ಸೋಸಿದ ಬಟ್ಟೆಯನ್ನು ಆಗಲೇ ತೊಳೆದು ಬಿಸಿಲಿಗೆ ಹಾಕಿ, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಹಿಪ್ಪೆ ಮಾತ್ರ ಚೆಲ್ಲಬೇಡಿ, ಜ್ಯೂಸಿನಲ್ಲಿ ಬಿಟ್ಟುಹೋದ ನಾರೆಲ್ಲ ಅದರಲ್ಲೇ ಇದೆ. ಅದರಿಂದ ತಾಲಿಪಟ್ಟು ಮಾಡಿ. ಗಜ್ಜರಿ ಹಿಪ್ಪೆಗೆ ಎರಡು ಹಿಡಿ ಜೋಳದ ಹಿಟ್ಟು, ಒಂದೊಂದು ಹಿಡಿ ಗೋಧಿ ಹಿಟ್ಟು, ಕಡಲೆ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ಅಜವಾನ, ಉಪ್ಪು ಹಾಕಿ ಕಲಸಿ. ಹಿಪ್ಪೆಯಲ್ಲೇ ತೇವ ಇರುತ್ತದೆ, ನೀರು ನೋಡಿ ಹಾಕಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಒಂದು ತೂತು ಮಾಡಿ, ಹಂಚಿನ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಬೇಯಿಸಿ. ಮಕ್ಕಳಿಗೆ ಜ್ಯೂಸ್ ಲೋಟದ ಪಕ್ಕದಲ್ಲೇ ಈ ತಾಲಿಪಟ್ಟು, ಮೇಲೊಂದು ಚಮಚ ಗಟ್ಟಿ ಮೊಸರು ಇಟ್ಟುಕೊಡಿ.