ವಾಕ್ಯರೂಪದ ಲೆಕ್ಕವನ್ನು ಸಮೀಕರಣವಾಗಿ ಬರೆಯುವುದು ಹೇಗೆ?

‘5ಯ + 160 = 960’ ಎಂದು ಬರೆದುಕೊಟ್ಟರೆ ‘ಯ’ದ ಬೆಲೆಯನ್ನು ತಡವಿಲ್ಲದೆ ಕಂಡುಹಿಡಿಯುವ ಎಂಟನೇ ತರಗತಿಯ ಮಕ್ಕಳೂ ಅದೇ ಲೆಕ್ಕವನ್ನು ನಾಲ್ಕು ಸಾಲಿನ ಮಾತಿನಲ್ಲಿ ಕೊಟ್ಟಾಗ ಪೆನ್ನು ಕೆಳಗಿಡುತ್ತಾರೆ. ಕೂಡುವುದು, ಕಳೆಯುವುದು ಅವರಿಗೆ ಬರುತ್ತದೆ, ತೊಡಕಿರುವುದು ಓದುವಲ್ಲಿ. ಆದುದರಿಂದ ಸಮೀಕರಣವನ್ನು ಬಿಡಿಸುವುದಕ್ಕಿಂತ ಅದನ್ನು ಕಟ್ಟುವುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಂಗಳೂರಿನ ಮೀನು ಮಾರುಕಟ್ಟೆಯ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಕಿಲೋ ಬಂಗುಡೆಯ ದರ ಒಂದು ಕಿಲೋ ಬೂತಾಯಿಯ ದರಕ್ಕಿಂತ 80 ರೂಪಾಯಿ ಹೆಚ್ಚು. 2 ಕಿಲೋ ಬಂಗುಡೆಗೂ 3 ಕಿಲೋ ಬೂತಾಯಿಗೂ ಸೇರಿ 960 ರೂಪಾಯಿ ಆಯಿತು. ಒಂದೊಂದರ ದರವೆಷ್ಟು?

ಮೊದಲು ಲೆಕ್ಕವನ್ನು ಎರಡು ಸಲ ಓದಿ, ಕೇಳಿರುವುದೇನು ಎಂಬುದರ ಕೆಳಗೆ ಗೆರೆ ಎಳೆಯಿರಿ. ಅನಂತರ ತಿಳಿಯದ ರಾಶಿಗೆ ಒಂದು ಅಕ್ಷರ ಕೊಡಿ. ಯಾವುದಕ್ಕೆ ಕೊಡಬೇಕೆಂದು ಕನ್ನಡದ ವಾಕ್ಯವೇ ಹೇಳುತ್ತದೆ: ‘ಗಿಂತ’ ಅಥವಾ ‘ಕ್ಕಿಂತ’ ಅಂಟಿಕೊಂಡಿರುವ ಪದವೇ ಹೋಲಿಕೆಯ ಆಧಾರ, ಅದಕ್ಕೆ ಅಕ್ಷರ ಕೊಟ್ಟರೆ ಮುಂದಿನದು ಸುಲಭ. ಇಲ್ಲಿ ಅದು ಬೂತಾಯಿಯ ದರ. ‘ಯ ಅಂದರೆ ಬೂತಾಯಿ’ ಎಂದು ಬರೆದರೆ ಸಾಲದು. ‘ಯ ಅಂದರೆ ಒಂದು ಕಿಲೋ ಬೂತಾಯಿಯ ದರ, ರೂಪಾಯಿಗಳಲ್ಲಿ’ ಎಂದು ಪೂರ್ತಿ ಬರೆಯಬೇಕು. ಅಕ್ಷರ ಯಾವುದಾದರೂ ಆದೀತು. 12ನೇ ಶತಮಾನದ ಭಾಸ್ಕರಾಚಾರ್ಯರು ಮೊದಲ ಅವ್ಯಕ್ತ ರಾಶಿಯನ್ನು, ಅಂದರೆ ತಿಳಿಯದ ರಾಶಿಯನ್ನು, ಯಾವತ್ತಾವತ್ ಎಂದು ಕರೆದು ‘ಯಾ’ ಎಂದೂ, ಮುಂದಿನವುಗಳಿಗೆ ಬಣ್ಣಗಳ ಹೆಸರಿಟ್ಟು ಕಾಲಕಕ್ಕೆ ‘ಕಾ’, ನೀಲಕಕ್ಕೆ ‘ನೀ’ ಎಂದೂ ಬರೆಯುತ್ತಿದ್ದರು.

ಈಗ ಬಂಗುಡೆಯ ದರ ಯ + 80. ಎರಡು ಕಿಲೋಗೆ 2(ಯ + 80), ಮೂರು ಕಿಲೋ ಬೂತಾಯಿಗೆ 3ಯ. ‘ಸೇರಿ ಆಯಿತು’ ಎಂಬಲ್ಲಿ ಸಮಚಿಹ್ನೆ ಬರುತ್ತದೆ. ಹೀಗೆ 2(ಯ + 80) + 3ಯ = 960. ಆವರಣ ಬಿಡಿಸಿದರೆ 5ಯ + 160 = 960, ಅಂದರೆ 5ಯ = 800, ಯ = 160. ಬೂತಾಯಿಗೆ 160, ಬಂಗುಡೆಗೆ 240 ರೂಪಾಯಿ. ಈ ದರಗಳನ್ನು ಸಮೀಕರಣಕ್ಕಲ್ಲ, ಮೂಲ ಲೆಕ್ಕದ ಮಾತಿಗೇ ಹಾಕಿ ನೋಡಿ: 480 + 480 = 960. ಸಮೀಕರಣವನ್ನೇ ತಪ್ಪಾಗಿ ಬರೆದಿದ್ದರೆ ಅದು ತನ್ನ ತಪ್ಪು ಉತ್ತರವನ್ನೂ ಸರಿಯೆಂದೇ ಒಪ್ಪಿಕೊಳ್ಳುತ್ತದೆ.

ಅಕ್ಷರದ ಅರ್ಥವನ್ನು ಪೂರ್ತಿ ಬರೆಯಿರಿ ಎಂದು ಇಷ್ಟು ಒತ್ತಿ ಹೇಳುವುದೇಕೆಂಬುದು ಉಡುಪಿ ಮಲ್ಲಿಗೆಯ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಈ ಹೂವನ್ನು ‘ಚೆಂಡು’, ‘ಅಟ್ಟೆ’ ಎಂಬ ಅಳತೆಗಳಲ್ಲಿ ಮಾರುತ್ತಾರೆ: ಒಂದು ಅಟ್ಟೆಗೆ 4 ಚೆಂಡು. ಇದನ್ನು ಸಮೀಕರಣವಾಗಿ ಬರೆಯಿರಿ ಎಂದರೆ ಬಹಳಷ್ಟು ಮಂದಿ ‘ಅ = 4ಚ’ ಎಂದು ಬರೆಯುತ್ತಾರೆ, ಏಕೆಂದರೆ ಮಾತು ಇರುವುದು ಅದೇ ಕ್ರಮದಲ್ಲಿ. ಅವರು ‘ಅ’ವನ್ನು ಅಟ್ಟೆ ಎಂಬ ಪದದ ಸಂಕ್ಷಿಪ್ತ ರೂಪವಾಗಿ ಓದಿದ್ದಾರೆ. ಬೀಜಗಣಿತದಲ್ಲಿ ಅಕ್ಷರವು ಸಂಖ್ಯೆಯ ಜಾಗದಲ್ಲಿ ನಿಲ್ಲುತ್ತದೆ: ‘ಅ’ ಅಟ್ಟೆಗಳ ಸಂಖ್ಯೆ, ‘ಚ’ ಚೆಂಡುಗಳ ಸಂಖ್ಯೆ. 3 ಅಟ್ಟೆ ಕೊಂಡರೆ 12 ಚೆಂಡು ಬರುತ್ತದೆ; ‘ಅ = 4ಚ’ದಲ್ಲಿ ಇವನ್ನು ಹಾಕಿದರೆ 3 = 48 ಎಂದಾಗುತ್ತದೆ. ಸರಿಯಾದದ್ದು ‘ಚ = 4ಅ’. ಸಂದೇಹ ಬಂದಾಗಲೆಲ್ಲ ಹೀಗೆ ಒಂದು ಸಣ್ಣ ಸಂಖ್ಯೆಯನ್ನು ಹಾಕಿ ನೋಡುವುದು ಯಾವ ಸೂತ್ರಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾನಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಉಡುಪಿಯಿಂದ ಮಂಗಳೂರಿಗೆ ಗಂಟೆಗೆ ಸರಾಸರಿ 30 ಕಿ.ಮೀ. ವೇಗದಲ್ಲಿ ಒಂದು ಸರ್ವಿಸ್ ಬಸ್ಸು ಹೊರಟು 30 ನಿಮಿಷಗಳಾದ ಮೇಲೆ, 45 ಕಿ.ಮೀ. ವೇಗದ ಎಕ್ಸ್‌ಪ್ರೆಸ್ ಬಸ್ಸು ಅದೇ ದಾರಿಯಲ್ಲಿ ಹೊರಟಿತು ಎನ್ನೋಣ. ಅದು ಮೊದಲಿನ ಬಸ್ಸನ್ನು ಹಿಡಿಯುವುದು ಎಷ್ಟು ದೂರದಲ್ಲಿ? ‘ಗ ಅಂದರೆ ಸರ್ವಿಸ್ ಬಸ್ಸು ಓಡಿದ ಸಮಯ, ಗಂಟೆಗಳಲ್ಲಿ’ ಎಂದಿಟ್ಟುಕೊಂಡರೆ, ಎರಡೂ ಬಸ್ಸುಗಳು ಕ್ರಮಿಸಿದ ದೂರ ಒಂದೇ ಆದುದರಿಂದ 30ಗ = 45(ಗ − ½). ಇದರಿಂದ 15ಗ = 22.5, ಗ = 1.5, ದೂರ 45 ಕಿ.ಮೀ. ಎರಡು ಊರುಗಳ ನಡುವಿನ ರಸ್ತೆ ಸುಮಾರು 55 ಕಿ.ಮೀ. ಇರುವುದರಿಂದ ಈ ಉತ್ತರ ನಂಬಬಹುದಾದದ್ದು. ನಿಮಿಷವನ್ನು ಗಂಟೆಗೆ ಪರಿವರ್ತಿಸದೆ 30ಗ = 45(ಗ − 30) ಎಂದು ಬರೆದವರಿಗೆ ಗ = 90 ಎಂದೂ, ದೂರ 2,700 ಕಿ.ಮೀ. ಎಂದೂ ಬರುತ್ತದೆ. ಅಂಥ ಉತ್ತರ ಬಂದರೆ ಗುಣಾಕಾರ, ಭಾಗಾಕಾರಗಳನ್ನು ಮತ್ತೆ ಪರಿಶೀಲಿಸುವ ಮೊದಲು, ಅಕ್ಷರಕ್ಕೆ ಅರ್ಥ ಬರೆದ ಮೊದಲ ಸಾಲಿಗೆ ಹಿಂತಿರುಗಿ, ಅಲ್ಲಿರುವ ‘ಗಂಟೆಗಳಲ್ಲಿ’ ಎಂಬ ಮಾತನ್ನು ಆವರಣದೊಳಗಿನ 30ರ ಜೊತೆ ಹೋಲಿಸಿ ನೋಡಿ.