ದರಕಿನ ಗುಡ್ಡೆಯ ಮೇಲೆ ಕಾಳಿಂಗ ಕುಳಿತಿದ್ದರೆ

ಏಪ್ರಿಲ್, ಮೇ ತಿಂಗಳಲ್ಲಿ ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ತರಗೆಲೆ, ಗುಡಿಸಲು ಹೋಗುವವರು ಕಣ್ಣು ಬಿಟ್ಟುಕೊಂಡೇ ಹೋಗಬೇಕು. ಬಿದಿರು ಮೆಳೆಯ ಬುಡದಲ್ಲೋ, ಇಳಿಜಾರಿನ ಮರದ ಬೇರಿನ ಸಂದಿಯಲ್ಲೋ ನಿಮ್ಮವರಾರೂ ಹಾಕದ ಗುಡ್ಡೆಯೊಂದು ಮೊಣಕಾಲೆತ್ತರಕ್ಕೆ ಒತ್ತಾಗಿ ಎದ್ದಿದ್ದು, ಸುತ್ತಲ ನೆಲ ಗುಡಿಸಿದಂತೆ ಬರಿದಾಗಿದ್ದರೆ ಅದು ಕಾಳಿಂಗ ಸರ್ಪದ ಗೂಡಾಗಿರಬಹುದು. ಕೋಲು ಹಾಕಿ ಕೆದಕಬೇಡಿ. ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿಯಿರಿ. ನಮ್ಮಲ್ಲಿ ಸಿಗುವ ಹಾವು ಕಡಿತದ ಔಷಧ ಕಾಳಿಂಗನ ವಿಷಕ್ಕೆ ಕೆಲಸ ಮಾಡುವುದಿಲ್ಲ.

ಮನೆಗೆ ಬಂದವರೇ ಅರಣ್ಯ ಇಲಾಖೆಗೆ ತಿಳಿಸಿ. 1926ಕ್ಕೆ ಕರೆ ಮಾಡಿದರೂ ಆದೀತು. ಹಾವು ಹಿಡಿಯುವವರನ್ನು ಕರೆಸಿ ತಾಯಿಯನ್ನು ದೂರದ ಕಾಡಿಗೆ ಸಾಗಿಸುವ ಯೋಚನೆ ಮಾತ್ರ ಬೇಡ. ಮೊಟ್ಟೆ ಕಾಯುವ ಕೆಲಸವನ್ನು ಅವಳಷ್ಟು ಚೆನ್ನಾಗಿ ಯಾರೂ ಮಾಡಲಾರರು.

ಹೆಣ್ಣು ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು, ಮೈ ಅದುರಿಸಿ ತಾನೇ ಕಾವು ಕೊಡುತ್ತದೆ. ಕಾಳಿಂಗನ ರೀತಿ ಬೇರೆ. ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಗೂಡಾದ ವರ್ಷ ದೂರದ ದಿಬ್ಬದಿಂದ ದುರ್ಬೀನಿನಲ್ಲಿ ನೋಡಿದ್ದೇನೆ: ಮೈಯನ್ನು ಕೊಕ್ಕೆಯಂತೆ ಬಾಗಿಸಿ ಒಂದು ಮಡಿಲು ತರಗೆಲೆ ಎಳೆಯುತ್ತಾಳೆ, ಗುಡ್ಡೆಗೆ ಒತ್ತುತ್ತಾಳೆ, ಮತ್ತೆ ಹೋಗುತ್ತಾಳೆ. ಕೈಯಿಲ್ಲ, ಕಾಲಿಲ್ಲ, ಆದರೂ ಎಲೆಯ ಮೇಲೆ ಎಲೆ ಕೂರುತ್ತದೆ. ಒಳಗಿನ ಎಲೆ ಕೊಳೆಯುವಾಗ ಹುಟ್ಟುವ ಬಿಸಿಯೇ ಮೊಟ್ಟೆಗೆ ಕಾವು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಮಳೆಯಲ್ಲೂ ಹೊರಪದರದ ನೀರು ಜಾರಿ ಹೋಗಿ ಮೊಟ್ಟೆಯಿರುವ ಕೋಣೆ ಒಣಗಿಯೇ ಇರುತ್ತದೆ. ಆದ್ದರಿಂದ ಪಾಪವೆಂದು ಪ್ಲಾಸ್ಟಿಕ್ ಹೊದಿಸಬೇಡಿ, ಗೂಡಿನ ಸುತ್ತಲಿನ ದರಕನ್ನು ಆ ವರ್ಷ ಗುಡಿಸಬೇಡಿ, ಹತ್ತಿರ ಬೆಂಕಿ ಹಾಕಬೇಡಿ. ಕೊಟ್ಟಿಗೆಗೆ ಬೇಕಾದ ದರಕು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಸಿಗುತ್ತದೆ.

ಗೂಡಿನಲ್ಲಿ ಸಾಮಾನ್ಯವಾಗಿ 20ರಿಂದ 40 ಮೊಟ್ಟೆಗಳಿರುತ್ತವೆ. ಯಾವ ಕಾರಣಕ್ಕೂ ಅವುಗಳನ್ನು ಮುಟ್ಟಬಾರದು. ಹಾವಿನ ಮೊಟ್ಟೆ ಕೋಳಿಮೊಟ್ಟೆಯಲ್ಲ. ಇಟ್ಟ ಮೇಲೆ ಮಗುಚಿದರೆ ಒಳಗಿನ ಭ್ರೂಣ ಸಾಯಬಹುದು. ತಾಯಿ ಹೆದರಿ ಓಡಿದರೆ ಕಾಡುಹಂದಿಗೂ ಉಡಕ್ಕೂ ಅದೇ ಸುಗ್ಗಿ.

ನಿಜವಾದ ಕಷ್ಟ ಜನರದ್ದು. ಸುದ್ದಿ ಹಬ್ಬಿದರೆ ಮೊಬೈಲ್ ಹಿಡಿದವರ ಸಾಲೇ ಬರುತ್ತದೆ. ಆಳುಗಳಿಗೆ, ಅಕ್ಕಪಕ್ಕದ ಮನೆಯವರಿಗೆ ಮಾತ್ರ ಹೇಳಿ. ಆ ಕಡೆಗೆ ದನ ಬಿಡಬೇಡಿ, ನಾಯಿ ಕಟ್ಟಿ. ಮಕ್ಕಳು ಆ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರೆ ಬೇರೆ ದಾರಿ ಮಾಡಿಕೊಡಿ. ಗೂಡು ಮನೆಗೆ ತೀರ ಹತ್ತಿರವಿದ್ದರೆ ಏನು ಮಾಡಬೇಕೆಂಬುದನ್ನು ಇಲಾಖೆಯವರಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಾವನ್ನಾಗಲಿ ಮೊಟ್ಟೆಯನ್ನಾಗಲಿ ನಾವು ಇಟ್ಟುಕೊಳ್ಳುವಂತಿಲ್ಲ.

ಮೊಟ್ಟೆ ಒಡೆಯಲು ಎರಡೂವರೆ, ಮೂರು ತಿಂಗಳು ಬೇಕು. ಅದಕ್ಕೆ ಮೊದಲೇ ತಾಯಿ ಗೂಡು ಬಿಟ್ಟು ಹೋಗುತ್ತಾಳೆ. ಅವಳು ಕಾಣಲಿಲ್ಲವೆಂದು ಗುಡ್ಡೆ ಬಿಚ್ಚಬೇಡಿ, ಎಚ್ಚರ ಹೆಚ್ಚಬೇಕಾದದ್ದು ಆಗಲೇ. ಆಗ ಇಲಾಖೆಯವರಿಗೆ ಮತ್ತೊಮ್ಮೆ ನೆನಪಿಸಿ. ಅವರು ಗೂಡಿನ ಸುತ್ತ ಬಲೆ ಕಟ್ಟಿಸಿ, ಹೊರಬಂದ ಮರಿಗಳನ್ನು ಕಾಡಿಗೆ ಬಿಡಬಹುದು. ಮರಿಗಳು ಕಪ್ಪು ಮೈಯ ಮೇಲೆ ಬಿಳಿ, ಹಳದಿ ಪಟ್ಟಿ ಹೊತ್ತಿರುತ್ತವೆ. ಹುಟ್ಟಿದಂದೇ ವಿಷವಿರುತ್ತದೆ. ಕಟ್ಟುಹಾವೆಂದು ತಿಳಿದು ಹೊಡೆಯುವವರು ನಮ್ಮ ಕಡೆ ಇದ್ದಾರೆ, ಜುಲೈ ಬರುವ ಮೊದಲೇ ಅವರಿಗೆ ಮರಿಯ ಫೋಟೋ ತೋರಿಸಿಡಿ.